ಮೆರಿಟ್ ಭಾಷಣ ಬಿಗಿಯುವವರು ಗಾಲ್ಫ್ ಮೈದಾನದಲ್ಲಿ 'ಹ್ಯಾಂಡಿಕ್ಯಾಪ್' ಕೇಳಿ ಪಡೆಯುವುದೇಕೆ?

ಗಾಲ್ಫ್ ಅಂದ ತಕ್ಷಣ ಕರ್ನಾಟಕದ ಬಹುಪಾಲು ಜನಕ್ಕೆ ನೆನಪಾಗುವುದು ಆಟವಲ್ಲ, ಶಾಸಕರು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ತಂದು ಇಳಿಸಿದ್ದು ಬಿಡದಿಯ ಈಗಲ್‌ಟನ್ ಗಾಲ್ಫ್ ರೆಸಾರ್ಟಿನಲ್ಲಿ. 2018ರ ಮೇ ತಿಂಗಳಲ್ಲಿ, ಮತ್ತೆ 2019ರ ಜನವರಿಯಲ್ಲಿ ನಮ್ಮದೇ ರಾಜ್ಯದ ಕಾಂಗ್ರೆಸ್ ಶಾಸಕರು ಹೋಗಿ ಕೂತದ್ದೂ ಅಲ್ಲೇ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಅಲುಗಾಡುವಾಗ ಜೆಡಿಎಸ್ ಶಾಸಕರು ಉಳಿದುಕೊಂಡದ್ದು ನಂದಿ ಬೆಟ್ಟದ ದಾರಿಯ ಗಾಲ್ಫ್‌ಶೈರ್‌ನಲ್ಲಿ. ಟಿವಿ ಕ್ಯಾಮೆರಾಗಳು ಗೇಟಿನ ಹೊರಗೆ, ಪ್ರಜಾಪ್ರತಿನಿಧಿಗಳು ಒಳಗೆ. ಆ ಗೇಟಿನಾಚೆಯ ಹಸಿರು ಹುಲ್ಲಿನ ಮೇಲೆ ನಿಜಕ್ಕೂ ಏನು ನಡೆಯುತ್ತೆ, ಆ ಆಟದ ಲೆಕ್ಕಾಚಾರ ಹೇಗಿದೆ ಅನ್ನುವುದನ್ನು ಯಾರೂ ಕೇಳಲಿಲ್ಲ.

ಕೇಳಬೇಕು. ಯಾಕಂದ್ರೆ ಈ ದೇಶದಲ್ಲಿ ಮೀಸಲಾತಿ ವಿರುದ್ಧ ಅತಿ ಹೆಚ್ಚು ಗೊಣಗುವ ವರ್ಗ ವಾರಾಂತ್ಯದಲ್ಲಿ ಆಡುವ ಈ ಆಟದ ಒಳಗೇ, 'ಎಲ್ಲರ ನೆಲ ಒಂದೇ ಅಲ್ಲ' ಅನ್ನುವ ತತ್ವ ಸೂತ್ರರೂಪದಲ್ಲಿ ಕೂತಿದೆ. ಅದನ್ನು ಅವರು ಪ್ರತಿ ಭಾನುವಾರ ಒಪ್ಪಿ ಸಹಿ ಹಾಕುತ್ತಾರೆ.

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯವನು. ನಮ್ಮ ಕಡೆ ತೆಂಗಿದೆ, ರಾಗಿ ಇದೆ, ಕಬಡ್ಡಿ ಇದೆ; ಗಾಲ್ಫ್ ಇಲ್ಲ. ಬೆಂಗಳೂರಿನ ಕೆಲಸ, ಸಹೋದ್ಯೋಗಿಗಳ ಒತ್ತಾಯ, ಆಮೇಲೆ ಹತ್ತಿದ ಹುಚ್ಚು, ಹೀಗೆ ಈ ಆಟ ಕಲಿತೆ. ಕ್ಲಬ್ ಸದಸ್ಯತ್ವ ಇಲ್ಲದ ನಾನು ಅತಿಥಿಯಾಗಿ, ದಿನದ ಶುಲ್ಕ ಕಟ್ಟಿ ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗಿನಲ್ಲಿ ಆಡಿದ್ದೇನೆ. ಊರಿಗೆ ಹೋದಾಗ ನಮ್ಮ ದೊಡ್ಡಪ್ಪ ಕೇಳಿದ್ದು ಇಷ್ಟು: "ಗುಂಡಿಗೆ ಗೋಲಿ ಹೊಡೆಯೋದನ್ನ ದೊಡ್ಡೋರು ಆಡಿದ್ರೆ ಗಾಲ್ಫ್ ಅಂತಾರೇನ್ಲಾ?" ಹೆಚ್ಚು ಕಡಿಮೆ ಅಷ್ಟೇ ದೊಡ್ಡಪ್ಪ. ಆದ್ರೆ ಗೋಲಿ ಆಟದಲ್ಲಿ ಇಲ್ಲದ ಒಂದು ವಿಷಯ ಇದರಲ್ಲಿದೆ.

ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮೊದಲು ಆಟ. ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ದೂರದ ಒಂದು ಗುಂಡಿಗೆ ಹಾಕಬೇಕು. ಇಂಥ 18 ಗುಂಡಿ. ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಒಳ್ಳೆಯ ಆಟಗಾರ ಎಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ನಿಗದಿತ ಸಂಖ್ಯೆಗೆ 'ಪಾರ್' ಅಂತಾರೆ. ಪೂರ್ಣ ಮೈದಾನದ ಪಾರ್ ಸಾಮಾನ್ಯವಾಗಿ 70ರಿಂದ 72.

ನಮ್ಮೂರ ಬೀದಿ ಆಟಗಳಲ್ಲಿ ಸಣ್ಣ ಹುಡುಗರನ್ನು ಸೇರಿಸಿಕೊಳ್ಳುವಾಗ ಒಂದು ಮಾತಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಡಾಡಲಿ ಪಾಪ, ಔಟಾದ್ರೂ ಪರವಾಗಿಲ್ಲ, ಅವನ ರನ್ನು ಎಣಿಸೋದೂ ಇಲ್ಲ. ಗಾಲ್ಫ್ ಇದಕ್ಕೆ ತದ್ವಿರುದ್ಧ. ಅಲ್ಲಿ ಹೊಸಬ, ವಯಸ್ಸಾದವರು, ಪಳಗಿದವ, ಎಲ್ಲರೂ ಲೆಕ್ಕಕ್ಕೂ ಉಂಟು. ಅದಕ್ಕಿರುವ ಉಪಾಯವೇ ಹ್ಯಾಂಡಿಕ್ಯಾಪ್.

ನೀವು ಆಡಿದ ಕೊನೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ನ್ನು ತೆಗೆದುಕೊಂಡು ಸರಾಸರಿ ಮಾಡಿ ನಿಮಗೊಂದು ಸೂಚ್ಯಂಕ ಕೊಡುತ್ತಾರೆ. ಗರಿಷ್ಠ 54. ನನ್ನದು 24ರ ಆಸುಪಾಸು. 6 ಹ್ಯಾಂಡಿಕ್ಯಾಪ್ ಇರುವ ಒಬ್ಬರ ಜೊತೆ ಆಡಿದೆ ಅಂದುಕೊಳ್ಳಿ. ಅವರು 80 ಹೊಡೆತದಲ್ಲಿ ಮುಗಿಸಿದರು, ನಾನು 97. ಅವರ ಲೆಕ್ಕ 80ರಲ್ಲಿ 6 ಕಳೆದು 74. ನನ್ನದು 97ರಲ್ಲಿ 24 ಕಳೆದು 73. ಗೆದ್ದಿದ್ದು ನಾನು. ಅವರು ಟೋಪಿ ತೆಗೆದು ಕೈ ಕುಲುಕುತ್ತಾರೆ. 'ಮೆರಿಟ್ ಸತ್ತೋಯ್ತು' ಅಂತ ಯಾರೂ ಎದೆ ಬಡಿದುಕೊಳ್ಳುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹೋಲಿಕೆ ಅರ್ಧಂಬರ್ಧ ಮಾತ್ರವಲ್ಲ, ಅಪಾಯಕಾರಿ ಕೂಡ. ಹ್ಯಾಂಡಿಕ್ಯಾಪ್ ಕೊಡುವುದು ಆಟ ಕಡಿಮೆ ಇರುವವನಿಗೆ. ಮೀಸಲಾತಿಯನ್ನೂ 'ದುರ್ಬಲ ಆಟಗಾರನಿಗೆ ಕೊಡುವ ರಿಯಾಯಿತಿ' ಅಂದುಬಿಟ್ಟರೆ ಅದು ಮೀಸಲಾತಿ ವಿರೋಧಿಗಳ ವಾದವೇ ಆಗಿಬಿಡುತ್ತೆ. ನಾನು ಹೇಳಬೇಕಿರುವುದು ಸೂತ್ರದ ಎರಡನೇ ಭಾಗ. ಬೇರೆ ಬೇರೆ ಮೈದಾನಗಳಲ್ಲಿ ಆಡದೇ ಇದ್ದರೆ ಅದು ತಲೆಗೆ ಹೋಗುವುದಿಲ್ಲ.

ನೆಲಕ್ಕೂ ಒಂದು ಅಂಕ

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಹೈಗ್ರೌಂಡ್ಸ್‌ನಲ್ಲಿ, ನಗರದ ನಟ್ಟನಡುವೆ, ಇಕ್ಕಟ್ಟಾದ ಮೈದಾನ. ಇಲ್ಲಿ ದೂರ ಹೊಡೆಯುವವನಿಗಿಂತ ನೇರ ಹೊಡೆಯುವವನಿಗೆ ಬೆಲೆ. ದೊಮ್ಮಲೂರು ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಬೇರೆಯೇ ಜಾತಿ: ಉದ್ದ, ಅಗಲ, ಜೊತೆಗೆ ನೀರು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ನೋಡುತ್ತಾ ಆಡಬಹುದು. ಚಿಕ್ಕಮಗಳೂರಿನಲ್ಲಿ ಸುತ್ತ ಕಾಫಿ ಸೀಮೆ. ಕೊಡಗಿನ ಬಿಟ್ಟಂಗಾಲದಲ್ಲಿ ನೆಲವೇ ಸಮತಟ್ಟಿಲ್ಲ. ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ಹೊಡೆಯಬೇಕು.

ಒಂದೇ ವಾರದಲ್ಲಿ ಎರಡು ಕಡೆ ಆಡಿದಾಗ ನನ್ನ ಅಂಕ ಹತ್ತು ಹೊಡೆತದಷ್ಟು ಏರುಪೇರಾಗಿದ್ದುಂಟು. ಮೂರು ದಿನದಲ್ಲಿ ನನ್ನ ಪ್ರತಿಭೆ ಕರಗಿಹೋಯಿತಾ? ಇಲ್ಲ. ನೆಲ ಬದಲಾಯಿತು.

ಇದನ್ನು ಗಾಲ್ಫ್ ಬಲ್ಲದು. ಅದಕ್ಕೇ ಆಟಗಾರನಿಗೆ ಮಾತ್ರವಲ್ಲ, ಮೈದಾನಕ್ಕೂ ಅಂಕ ಕೊಡುತ್ತೆ. ಎರಡು ಅಂಕ. ಒಂದು 'ಕೋರ್ಸ್ ರೇಟಿಂಗ್': ನುರಿತ ಆಟಗಾರನಿಗೆ ಈ ಮೈದಾನ ಎಷ್ಟು ಹೊಡೆತ ಬೇಡುತ್ತೆ ಅನ್ನುವುದು. ಇನ್ನೊಂದು 'ಸ್ಲೋಪ್': ನುರಿತವನಿಗೆ ಹೋಲಿಸಿದರೆ ಸಾಮಾನ್ಯ ಆಟಗಾರನಿಗೆ ಅದೇ ಮೈದಾನ ಎಷ್ಟು ಹೆಚ್ಚು ಕಷ್ಟ ಅನ್ನುವುದು. ಸ್ಲೋಪ್ 55ರಿಂದ 155ರವರೆಗೆ ಇರಬಹುದು, ಪ್ರಮಾಣ 113.

ಎರಡನೇ ಅಂಕವನ್ನು ಸ್ವಲ್ಪ ನಿಧಾನಕ್ಕೆ ಗಮನಿಸಿ. ಎದುರಿಗೊಂದು ಕೆರೆ ಇದೆ. ನುರಿತವನು ಅದನ್ನು ದಾಟಿಸಿ ಹೊಡೆಯುತ್ತಾನೆ, ಅವನ ಲೆಕ್ಕದಲ್ಲಿ ಆ ಕೆರೆ ಇಲ್ಲವೇ ಇಲ್ಲ. ನನ್ನಂಥವನ ನಾಲ್ಕು ಚೆಂಡು ನುಂಗುವುದೂ ಅದೇ ಕೆರೆಯೇ. ಕೆರೆ ಒಂದೇ, ಕಷ್ಟ ಒಂದೇ ಅಲ್ಲ. 'ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಅಲ್ವಾ?' ಅಂತ ಕೇಳುವವರಿಗೆ ಇದಕ್ಕಿಂತ ಚೆನ್ನಾಗಿ ಉತ್ತರ ಹೇಳುವುದು ನನಗೆ ಗೊತ್ತಿಲ್ಲ.

ಒಂದು ಲೆಕ್ಕ ಮಾಡೋಣ. ಕಾಲ್ಪನಿಕ ಮೈದಾನ ಒಂದರ ರೇಟಿಂಗ್ 69, ಸ್ಲೋಪ್ 113. ಅಲ್ಲಿ ಒಬ್ಬ 92 ಹೊಡೆದ. ಇನ್ನೊಂದರ ರೇಟಿಂಗ್ 72, ಸ್ಲೋಪ್ 140. ಅಲ್ಲಿ ಇನ್ನೊಬ್ಬ 95 ಹೊಡೆದ. ಬರೀ ಅಂಕ ನೋಡಿದರೆ ಮೊದಲನೆಯವನು ಮೇಲು, ಮೂರು ಹೊಡೆತ ಕಡಿಮೆ. ಈಗ ಸೂತ್ರ: ಹೊಡೆತಗಳಲ್ಲಿ ರೇಟಿಂಗ್ ಕಳೆದು, 113ರಿಂದ ಗುಣಿಸಿ, ಸ್ಲೋಪ್‌ನಿಂದ ಭಾಗಿಸಿ. ಇಬ್ಬರಿಗೂ ಕಳೆದಾಗ ಸಿಗುವುದು 23. ಮೊದಲನೆಯವನದು 23 ಆಗಿಯೇ ಉಳಿಯುತ್ತೆ. ಎರಡನೆಯವನದು 18.6ಕ್ಕೆ ಇಳಿಯುತ್ತೆ. ಅಂದರೆ 95 ಹೊಡೆದವನೇ ಉತ್ತಮ ಆಟಗಾರ.

ಇಲ್ಲಿ ಯಾರೂ ಯಾರಿಗೂ ದಯೆ ತೋರಿಸಿಲ್ಲ. ಎರಡನೆಯವನಿಗೆ ಕೃಪಾಂಕ ಕೊಟ್ಟಿಲ್ಲ. ಅವನ ನಿಜವಾದ ಸಾಮರ್ಥ್ಯವನ್ನು ಅಳೆಯಲು ನೆಲವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ, ಅಷ್ಟೆ. ನೆಲ ಬಿಟ್ಟು ಅಳೆದ ಅಂಕ ಮೆರಿಟ್ ಅಲ್ಲ, ಅರ್ಧ ಮಾಹಿತಿ.

ಕರ್ನಾಟಕ ಇದನ್ನು ಮೊದಲೇ ಮಾಡಿದೆ

ಈ ಬುದ್ಧಿ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿತು. ದೇವರಾಜ ಅರಸು ಕಾಲದಲ್ಲಿ, 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರ್ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಇವೆರಡೂ ಯಾವ ಸಮುದಾಯ ಎಂಥ ನೆಲದಲ್ಲಿ ನಿಂತು ಆಡುತ್ತಿದೆ ಅಂತ ಅಳೆಯುವ ಪ್ರಯತ್ನಗಳು.

ಭೌಗೋಳಿಕ ನೆಲವನ್ನೂ ಅಳೆದಿದ್ದೇವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿದ್ದ 175 ತಾಲ್ಲೂಕುಗಳಿಗೂ ಅಭಿವೃದ್ಧಿ ಸೂಚ್ಯಂಕ ಹಾಕಿ, 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಪಟ್ಟಿ ಮಾಡಿತು. ಗಾಲ್ಫ್ ಭಾಷೆಯಲ್ಲಿ ಹೇಳುವುದಾದರೆ ಇದು ತಾಲ್ಲೂಕುಗಳ ಸ್ಲೋಪ್ ಪಟ್ಟಿ. ಕಲ್ಯಾಣ ಕರ್ನಾಟಕಕ್ಕೆ ಸಿಕ್ಕ 371ಜೆ ಕೂಡ ಅದೇ ತರ್ಕ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಇರುವುದೂ ಅದಕ್ಕೇ. ದಂಡಿಗನಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯ 80 ಅಂಕ, ಬೆಂಗಳೂರಿನಲ್ಲಿ ಎರಡು ಕೋಚಿಂಗ್ ಮಾಡಿಕೊಂಡವನ 85, ಇವೆರಡರಲ್ಲಿ ಯಾವುದು ದೊಡ್ಡದು? ಸ್ಲೋಪ್ ಗೊತ್ತಿಲ್ಲದೆ ಉತ್ತರಿಸಲು ಆಗುವುದಿಲ್ಲ.

ನ್ಯಾಯಾಲಯಗಳೂ ಇಲ್ಲಿಗೆ ಬಂದು ತಲುಪಿವೆ. ಬಡ್ತಿ ಮೀಸಲಾತಿ ಕುರಿತ ಕರ್ನಾಟಕದ ಕಾಯ್ದೆಯನ್ನು ಎತ್ತಿಹಿಡಿದ 2019ರ ಬಿ.ಕೆ. ಪವಿತ್ರ ಪ್ರಕರಣದ ತೀರ್ಪಿನಲ್ಲಿ, ಮತ್ತೆ ವೈದ್ಯಕೀಯ ಸೀಟುಗಳಲ್ಲಿ ಒಬಿಸಿ ಮೀಸಲಾತಿ ಕುರಿತ 2022ರ ನೀಲ್ ಔರೇಲಿಯೋ ನೂನ್ಸ್ ತೀರ್ಪಿನಲ್ಲಿ, ಮೆರಿಟ್ ಅಂದರೆ ಬರೀ ಪರೀಕ್ಷೆಯ ಅಂಕವಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿತು.

ಹೋಲಿಕೆ ಇನ್ನೂ ಎರಡು ಕಡೆ ಉಪಯೋಗಕ್ಕೆ ಬರುತ್ತೆ. ಒಂದು, ಗಾಲ್ಫ್ ನಿಯಮದಂತೆ ಮೈದಾನದ ಸ್ಲೋಪನ್ನು ಕನಿಷ್ಠ 10 ವರ್ಷಕ್ಕೊಮ್ಮೆ ಮತ್ತೆ ಅಳೆಯಲೇಬೇಕು. ಮರ ಬೆಳೆದಿರುತ್ತೆ, ಹಳ್ಳ ಮುಚ್ಚಿರುತ್ತೆ; ಹಳೇ ಅಂಕ ನಂಬಿದರೆ ಅನ್ಯಾಯ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ 1995ರ ಕಾಯ್ದೆಯೂ ಹತ್ತು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಿಸಿ ಅನ್ನುತ್ತೆ. ಆದರೆ 2015ರಲ್ಲಿ ಶುರುವಾದ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ. ಅಷ್ಟೊತ್ತಿಗೆ ದತ್ತಾಂಶ ಹಳತಾಯಿತು ಅಂತ 2025ರಲ್ಲಿ ಮತ್ತೆ ಸಮೀಕ್ಷೆ. ಗಾಲ್ಫ್ ಕ್ಲಬ್ಬುಗಳು ಹುಲ್ಲನ್ನು ಅಳೆಯುವಷ್ಟು ಶಿಸ್ತಿನಿಂದ ನಾವು ಮನುಷ್ಯರ ಬದುಕನ್ನು ಅಳೆಯುತ್ತಿಲ್ಲ.

ಎರಡು, ಗಾಲ್ಫ್‌ನಲ್ಲೂ ಕಳ್ಳಾಟ ಇದೆ. ಬೇಕಂತಲೇ ಕೆಟ್ಟದಾಗಿ ಆಡಿ, ಹ್ಯಾಂಡಿಕ್ಯಾಪ್ ಏರಿಸಿಕೊಂಡು, ದೊಡ್ಡ ಟೂರ್ನಿಯಲ್ಲಿ ಕಪ್ ಹೊಡೆಯುವವರಿದ್ದಾರೆ. ಹಾಗಂತ ಹ್ಯಾಂಡಿಕ್ಯಾಪ್ ಪದ್ಧತಿಯನ್ನೇ ಕಿತ್ತುಹಾಕಿ ಅಂತ ಯಾರೂ ಹೇಳಲ್ಲ. ಸಮಿತಿ ಕೂತು ಆ ವ್ಯಕ್ತಿಯ ಅಂಕಗಳನ್ನು ಪರಿಶೀಲಿಸುತ್ತೆ, ಸೂಚ್ಯಂಕ ಇಳಿಸುತ್ತೆ. ಸುಳ್ಳು ಜಾತಿ ಪ್ರಮಾಣಪತ್ರಕ್ಕೂ ಪರಿಹಾರ ತನಿಖೆಯೇ ಹೊರತು ಮೀಸಲಾತಿ ರದ್ದತಿ ಅಲ್ಲ.

ಆದರೆ ಗೇಟಿನಲ್ಲಿ ಸ್ಲೋಪ್ ಇಲ್ಲ

ಇಷ್ಟೊಂದು ನ್ಯಾಯ ಬಲ್ಲ ಆಟ ಯಾಕೆ ಇಷ್ಟು ಅನ್ಯಾಯದ ಜಾಗದಲ್ಲಿ ನಡೆಯುತ್ತೆ? ಉತ್ತರ ಸರಳ. ಸೂತ್ರ ಅನ್ವಯಿಸುವುದು ಗೇಟು ದಾಟಿದ ಮೇಲೆ. ಗೇಟಿನಲ್ಲಿ ಲಕ್ಷಗಳ ಸದಸ್ಯತ್ವ, ವರ್ಷಗಟ್ಟಲೆ ಕಾಯುವ ಪಟ್ಟಿ, ಶಿಫಾರಸು ಮಾಡುವ ಪರಿಚಯಸ್ಥರು.

ಬಟ್ಟೆಯೂ ಒಂದು ಗೇಟೇ. ಒಂದು ಕ್ಲಬ್ಬಿನಲ್ಲಿ ಕಾಲರ್ ಇಲ್ಲದ ಅಂಗಿ ಹಾಕಿದ್ದಕ್ಕೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ನನಗಾದದ್ದು ಸಣ್ಣದು. 2017ರ ಜೂನ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನ ಊಟದ ಕೋಣೆಯಿಂದ ಮೇಘಾಲಯದ ಖಾಸಿ ಮಹಿಳೆಯೊಬ್ಬರನ್ನು ಎಬ್ಬಿಸಿದರು, ಅವರು ತಮ್ಮ ಸಾಂಪ್ರದಾಯಿಕ ಉಡುಪು ಜೈನ್ಸೆಮ್ ಉಟ್ಟಿದ್ದಕ್ಕೆ. ಅದು 'ಆಯಾ'ಗಳ ಉಡುಪಿನ ಹಾಗಿದೆ ಅನ್ನುವುದು ಆಕ್ಷೇಪ. ಪಂಚೆ ಉಟ್ಟವರನ್ನು ಕ್ಲಬ್ಬುಗಳು ಹೊರಗಿಡುವುದರ ವಿರುದ್ಧ ತಮಿಳುನಾಡು 2014ರಲ್ಲೇ ಕಾಯ್ದೆ ಮಾಡಬೇಕಾಯಿತು. ಗಾಲ್ಫ್‌ನ ತವರು ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಮಹಿಳೆಯರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದೇ 2014ರಲ್ಲಿ.

ಇನ್ನು ಕ್ಯಾಡಿಗಳು. ಚೀಲ ಹೊರುವವರು ಅಂತ ಅನುವಾದಿಸಿದರೆ ತಪ್ಪು. ಯಾವ ಕೋಲು, ಗಾಳಿ ಎತ್ತ, ಹುಲ್ಲು ಎತ್ತ ವಾಲಿದೆ ಅಂತ ಹೇಳಿಕೊಡುವ ಅರ್ಧ ಗುರುಗಳು ಅವರು. ನನಗೆ ಆಟ ಕಲಿಸಿದ್ದರಲ್ಲಿ ಅವರದು ದೊಡ್ಡ ಪಾಲು. ಬಹಳಷ್ಟು ಕಡೆ ಅವರು ನೌಕರರ ಪಟ್ಟಿಯಲ್ಲಿ ಇರುವುದಿಲ್ಲ. ಆಟಗಾರ ಬಂದರೆ ದುಡ್ಡು, ಮಳೆ ಬಂದರೆ ಇಲ್ಲ. ನನಗಿಂತ ಎಷ್ಟೋ ಚೆನ್ನಾಗಿ ಆಡಬಲ್ಲವರು ನನ್ನ ಚೀಲ ಹೊತ್ತಿದ್ದಾರೆ. ಮೆರಿಟ್ ಬಗ್ಗೆ ಮಾತಾಡುವವರು ಆ ದೃಶ್ಯವನ್ನು ಒಮ್ಮೆ ಸರಿಯಾಗಿ ನೋಡಬೇಕು.

ಬಾಗಿಲು ತೆರೆದರೆ ಏನಾಗುತ್ತೆ ಅನ್ನುವುದಕ್ಕೆ ಬಿಡದಿ ಕಡೆಯ ಎಸ್. ಚಿಕ್ಕರಂಗಪ್ಪ ಸಾಕ್ಷಿ. ಈಗಲ್‌ಟನ್‌ನಲ್ಲಿ ಕ್ಯಾಡಿಯಾಗಿದ್ದ ಹುಡುಗ ವೃತ್ತಿಪರ ಆಟಗಾರನಾಗಿ 2015ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಟೂರ್‌ನಲ್ಲಿ ಗೆದ್ದರು. ಬೆಂಗಳೂರಿನ ಅದಿತಿ ಅಶೋಕ್ ಐದರ ವಯಸ್ಸಿನಲ್ಲಿ ಆಟ ಶುರುಮಾಡಿದವರು; ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಒಂದೇ ಹೊಡೆತದಲ್ಲಿ ಕಂಚು ತಪ್ಪಿತು. ಇಬ್ಬರಲ್ಲೂ ಇದ್ದದ್ದು ಪ್ರತಿಭೆ. ಜೊತೆಗೆ ಇಬ್ಬರಿಗೂ ಹೇಗೋ ಒಂದು ಮೈದಾನ ಕೈಗೆಟುಕಿತು.

ನೀರಿನ ಲೆಕ್ಕ, ಜಮೀನಿನ ಲೆಕ್ಕ

ಗಾಲ್ಫ್ ಆಡುವವನಾಗಿಯೇ ಈ ಮಾತು ಹೇಳಬೇಕು, ಇಲ್ಲದಿದ್ದರೆ ಆತ್ಮವಂಚನೆ. 18 ಗುಂಡಿಯ ಮೈದಾನಕ್ಕೆ 100 ಎಕರೆಗೂ ಹೆಚ್ಚು ಜಾಗ ಬೇಕಾಗುವುದು ಸಾಮಾನ್ಯ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4 ಮಿಲಿಮೀಟರ್ ನೀರು ಅಂದುಕೊಳ್ಳಿ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಎಕರೆಗೆ ದಿನಕ್ಕೆ ಸುಮಾರು 16 ಸಾವಿರ ಲೀಟರ್ ಆಯಿತು. 70 ಎಕರೆ ಹುಲ್ಲಿಗೆ ನೀರು ಬಿಟ್ಟರೆ 11 ಲಕ್ಷ ಲೀಟರ್ ದಾಟುತ್ತೆ. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಒಂದು ಮೈದಾನದ ಒಂದು ದಿನದ ನೀರು 20 ಸಾವಿರ ಜನರ ಪಾಲು.

ನಮ್ಮೂರ ಲೆಕ್ಕದಲ್ಲಿ ಹೇಳಲಾ? ಎಕರೆಗೆ 70 ತೆಂಗಿನ ಮರ, ಹನಿ ನೀರಾವರಿಯಲ್ಲಿ ಮರಕ್ಕೆ 60 ಲೀಟರ್ ಅಂದುಕೊಂಡರೆ 4,200 ಲೀಟರ್. ಹುಲ್ಲು ಕುಡಿಯುವುದು ಅದರ ಹತ್ತಿರ ಹತ್ತಿರ ನಾಲ್ಕು ಪಟ್ಟು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ನೀರು ಬತ್ತಿದಾಗ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಸಂಸ್ಕರಿಸಿದ ಕೊಳಚೆ ನೀರನ್ನು ಬಿಟ್ಟು ಬೇರೆ ನೀರು ಗಾಲ್ಫ್ ಹುಲ್ಲಿಗೆ ಹೋಗಬಾರದು ಅನ್ನುವುದು ಅತಿ ಕನಿಷ್ಠ ಬೇಡಿಕೆ.

ಜಮೀನಿನ ಕಥೆಯೂ ಹಾಗೇ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಚಲ್ಲಘಟ್ಟ ಕೆರೆಯ ಜಾಗ ಗಾಲ್ಫ್ ಮೈದಾನವಾಯಿತು. ಮೊದಲೆರಡಕ್ಕೆ ಯಾರು ಬೇಕಾದರೂ ಹೋಗಬಹುದು. ಮೂರನೆಯದಕ್ಕೆ? ಬಿಡದಿಯ ರೆಸಾರ್ಟಿನ 77 ಎಕರೆ ಸರ್ಕಾರಿ ಜಮೀನಿನ ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಆ ಜಾಗಕ್ಕೆ ಸರ್ಕಾರ ಕಟ್ಟಿದ ಬೆಲೆ 982 ಕೋಟಿ ರೂಪಾಯಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೆದ್ದಾರಿ ಬದಿಯ ತೆಂಗಿನ ತೋಟಗಳು ನಾಳೆ 'ಗಾಲ್ಫ್ ವಿಲ್ಲಾ' ಜಾಹೀರಾತಿನಲ್ಲಿ ಕಾಣಿಸಿಕೊಂಡರೆ ಆಶ್ಚರ್ಯ ಪಡಬೇಡಿ.

ಬೇರೆ ದಾರಿ ಇದೆ

ಗಾಲ್ಫ್ ಅಂದರೆ ಶ್ರೀಮಂತರದ್ದೇ ಆಗಿರಬೇಕು ಅನ್ನುವ ನಿಯಮ ಎಲ್ಲೂ ಬರೆದಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಕ್ಲಬ್ ಖಾಸಗಿಯಾದರೂ ಮೈದಾನ ಸಾರ್ವಜನಿಕರದ್ದು. 1974ರ ಕಾಯ್ದೆಯಡಿ ಒಂದು ಟ್ರಸ್ಟ್ ಅದನ್ನು ನಡೆಸುತ್ತೆ. ಭಾನುವಾರ ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟವೇ ಇರುವುದಿಲ್ಲ, ಊರವರು ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಾರೆ. ನಮ್ಮಲ್ಲೇ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಲಾಡೋ ಸರಾಯ್‌ನಲ್ಲಿ ಕುತುಬ್ ಗಾಲ್ಫ್ ಕೋರ್ಸ್ ಮಾಡಿದೆ. ಸದಸ್ಯರಲ್ಲದವರೂ ಶುಲ್ಕ ಕಟ್ಟಿ ಆಡಬಹುದು.

ಹಾಗಾಗಿ ಗಾಲ್ಫನ್ನು ನಿಷೇಧಿಸಿ ಅನ್ನುವುದು ನನ್ನ ವಾದವಲ್ಲ. ಸಾರ್ವಜನಿಕ ಜಮೀನಿನಲ್ಲಿ, ಗುತ್ತಿಗೆ ಮೇಲೆ ನಡೆಯುವ ಮೈದಾನಗಳಿಗೆ ಷರತ್ತು ಹಾಕಿ ಅನ್ನುತ್ತೇನೆ. ವಾರದಲ್ಲಿ ಇಷ್ಟು ಹೊತ್ತು ಸರ್ಕಾರಿ ಶಾಲೆಯ ಮಕ್ಕಳಿಗೆ ತರಬೇತಿ. ಸದಸ್ಯರಲ್ಲದವರಿಗೆ ಕೈಗೆಟುಕುವ ಶುಲ್ಕ. ಕ್ಯಾಡಿಗಳಿಗೆ ಕನಿಷ್ಠ ವೇತನ, ಇಎಸ್‌ಐ, ಪಿಎಫ್. ನೀರು ಎಲ್ಲಿಂದ ಬರುತ್ತೆ, ಎಷ್ಟು ಬರುತ್ತೆ ಅನ್ನುವ ಲೆಕ್ಕ ಗೇಟಿನ ಮೇಲೆ. ಗುತ್ತಿಗೆ ನವೀಕರಣದ ಕಡತ ಬಂದಾಗಲೆಲ್ಲ ನಿಮ್ಮ ಶಾಸಕರನ್ನು ಈ ನಾಲ್ಕು ಪ್ರಶ್ನೆ ಕೇಳಿ. ಆ ರೆಸಾರ್ಟುಗಳ ದಾರಿ ಅವರಿಗೆ ಚೆನ್ನಾಗಿಯೇ ಗೊತ್ತು.

ಇನ್ನು ಮುಂದೆ ಯಾರಾದರೂ 'ಮೀಸಲಾತಿಯಿಂದ ಮೆರಿಟ್ ಹಾಳಾಯ್ತು' ಅಂದರೆ ಜಗಳ ಆಡಲು ಹೋಗಬೇಡಿ. ಒಂದೇ ಪ್ರಶ್ನೆ ಕೇಳಿ: "ಸಾರ್, ಗಾಲ್ಫ್ ಆಡ್ತೀರಾ? ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?"